ಹಲ್ಲಿನ ಮುಷ್ಕರ ಹೂಡಿದ ಅಜ್ಜಿಗೆ

ಪ್ರೀತಿಯ ಅಜ್ಜಿ,

ನಿನ್ನ ಹಲ್ಲಿನ ಸೆಟ್ಟು ಕಿಟಕಿ ಕಟ್ಟೆಯ ಮೇಲೆ, ಗಾಜಿನ ಲೋಟದ ನೀರಿನಲ್ಲಿ ನಗುತ್ತಾ ಕೂತಿದೆಯಂತೆ. ನೀನು ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೀಯಂತೆ. ಅತ್ತೆ ಫೋನ್ ಮಾಡಿ ಎಲ್ಲ ಹೇಳಿದಳು. "ಮೊಮ್ಮಗಳು ಬಂದು ನನ್ನ ಮಗನ ಹತ್ರ ತಪ್ಪಾಯ್ತು ಅನ್ನೋವರೆಗೂ ಅವಳು ಮಾಡಿದ ಹಲ್ಲು ನನ್ನ ಬಾಯಿಗೆ ಬೇಡ" ಎಂದು ಶಪಥ ಮಾಡಿದ್ದೀಯಂತೆ. ಬೇರೆಯವರು ಊಟ ಬಿಟ್ಟು ಮುಷ್ಕರ ಹೂಡುತ್ತಾರೆ. ನೀನು ಊಟ ಬಿಟ್ಟಿಲ್ಲ, ಅಗಿಯುವುದನ್ನು ಬಿಟ್ಟಿದ್ದೀಯ. ಹೊತ್ತು ಹೊತ್ತಿಗೆ ಎಲ್ಲವನ್ನೂ ಹಿಸುಕಿ, ಸೋಸಿ, ಗಂಜಿ ಮಾಡಿ ಕೊಡುವಷ್ಟರಲ್ಲಿ ಅತ್ತೆಯ ಕೈ ಸೋತು ಹೋಗಿದೆ. ಶಿಕ್ಷೆ ಯಾರಿಗೆ ಅಂತ ನೀನೇ ಯೋಚನೆ ಮಾಡು.

ಮೊನ್ನೆ ನೀನೇ ಫೋನ್ ಮಾಡಿ ನನ್ನನ್ನು ಬಯ್ದೆ. ಕೊನೆಯವರೆಗೂ ಕೇಳಿಸಿಕೊಂಡೆ. ಹಲ್ಲಿಲ್ಲದ್ದರಿಂದ ಬರೀ ಗಾಳಿ ಬಂತು. ಬಯ್ಯುತ್ತಿದ್ದೀಯ ಎಂಬುದು ಧಾಟಿಯಿಂದ ಗೊತ್ತಾಯಿತು, ಯಾವ ಬೈಗುಳ ಎಂಬುದು ಮಾತ್ರ ಗೊತ್ತಾಗಲಿಲ್ಲ. ನಿನ್ನ ಬೈಗುಳದ ಸೊಗಸು ಹೀಗೆ ಹಾಳಾಗುವುದು ನನಗೆ ಇಷ್ಟವಿಲ್ಲ. ಅದಕ್ಕೇ ಈ ಪತ್ರ. ಅತ್ತೆಯ ಕೈಗೆ ಕೊಟ್ಟು ಓದಿಸಬೇಡ, ಕನ್ನಡಕ ಹಾಕಿಕೊಂಡು ನೀನೇ ಓದು.

ಮಾವ ನಿನಗೆ ಏನು ಹೇಳಿರುತ್ತಾನೆಂದು ನಾನು ಇಲ್ಲಿ ಕೂತೇ ಹೇಳಬಲ್ಲೆ. "ಅಕ್ಕನ ಮಗಳು ಅಂತ ಕರೆದು ಕೆಲಸ ಕೊಟ್ಟೆ. ಸರ್ಕಾರದವರ ಮುಂದೆ ನನ್ನ ಮಾನ ಹರಾಜು ಹಾಕಿದಳು. ಯಾರೋ ಮಾಡಿದ್ದಕ್ಕೆ ನನ್ನ ತಲೆ ಕೊಟ್ಟಳು." ಇಷ್ಟು ಹೇಳಿ ನಿನ್ನ ಮಡಿಲಲ್ಲಿ ತಲೆ ಇಟ್ಟಿರುತ್ತಾನೆ. ಹೆತ್ತ ಕರುಳು, ಕರಗಿ ನೀರಾಗಿರುತ್ತದೆ. ತಪ್ಪೇನಿಲ್ಲ. ಆದರೆ ಕಥೆಯ ಇನ್ನರ್ಧ ನನ್ನ ಹತ್ತಿರ ಇದೆ.

ಕಾರ್ಖಾನೆಯನ್ನು ನೀನು ನೋಡಿದ್ದು ಒಂದೇ ಸಲ, ಉದ್ಘಾಟನೆಯ ದಿನ. ಈಗ ಹೇಗಿದೆ ಗೊತ್ತೇ? ಉದ್ದನೆಯ ಮೇಜುಗಳು, ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ದೀಪ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ. ಒಬ್ಬಳು ಅದಕ್ಕೆ ಪ್ಲಾಸ್ಟರ್ ಸುರಿಯುತ್ತಾಳೆ, ಒಬ್ಬಳು ಮೇಣದಲ್ಲಿ ಹಲ್ಲು ಜೋಡಿಸುತ್ತಾಳೆ, ನಾನು ಕೊನೆಯಲ್ಲಿ ಕೂತು ಅರ ಹಾಕಿ ಉಜ್ಜಿ ಹೊಳಪು ಕೊಡುತ್ತೇನೆ. ಸಂಜೆ ಹೊರಗೆ ಬರುವಾಗ ನಮ್ಮೆಲ್ಲರ ಹುಬ್ಬೂ ಬೆಳ್ಳಗಾಗಿ, ಒಂದೇ ದಿನದಲ್ಲಿ ಮುದುಕಿಯರಾದವರಂತೆ ಕಾಣುತ್ತೇವೆ. ನಿನ್ನ ಸೆಟ್ಟನ್ನು ಉಜ್ಜುವಾಗ ನಾನು ಊಟಕ್ಕೂ ಏಳಲಿಲ್ಲ. ಹುರಿದ ಕಡಲೆಬೀಜ ಅಗಿಯಬೇಕು ಅಂತ ಆಸೆಪಟ್ಟಿದ್ದೆಯಲ್ಲ, ಅದಕ್ಕೆ ಹಿಂದಿನ ಹಲ್ಲುಗಳನ್ನು ತಿದ್ದಿ ತಿದ್ದಿ ಕೂರಿಸಿದೆ. ಆ ಹಲ್ಲು ಈಗ ನೀರು ಕುಡಿಯುತ್ತಿದೆ.

ಇದಕ್ಕೆಲ್ಲ ಯಜಮಾನ ನಿನ್ನ ಮಗ. ಅವನ ಸ್ವಭಾವ ನಿನಗೆ ನಾನು ಹೇಳಬೇಕೇ? ಎಲ್ಲಿ ಏನು ಒಳ್ಳೆಯದಾದರೂ ಅದು ತನ್ನಿಂದಲೇ ಆದದ್ದು. ಚಿಕ್ಕವನಿದ್ದಾಗ ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದಕ್ಕೆ "ನಾನೇ ಹಾಲು ಹಾಕ್ತಿದ್ದೆ" ಎಂದು ಬೀದಿಯೆಲ್ಲ ಸಾರಿಕೊಂಡು ಬಂದಿದ್ದನಂತೆ. ನೀನೇ ಹೇಳಿ ನಕ್ಕಿದ್ದೆ. ಕಾರ್ಖಾನೆಗೆ ಯಾರೇ ಬರಲಿ, ಕರೆಂಟು ಬಿಲ್ಲಿನವನೇ ಬರಲಿ, ಮಾವ ಎದೆಯುಬ್ಬಿಸಿ ಒಂದೇ ಮಾತು ಹೇಳುತ್ತಾನೆ: "ನನ್ನ ಅಪ್ಪಣೆ ಇಲ್ಲದೆ ಇಲ್ಲಿ ಒಂದು ಹಲ್ಲೂ ಅಲ್ಲಾಡಲ್ಲ." ಅಜ್ಜಿ, ಈ ಮಾತನ್ನು ಸ್ವಲ್ಪ ನೆನಪಿಟ್ಟುಕೋ.

ಇನ್ನು ಕೈಮೇಷ್ಟ್ರು. ಅದೇ, ನಮ್ಮ ಸೂಪರ್‌ವೈಸರು. ದಿನಾ ಸಂಜೆ ಬೀಗದ ಕೈ ಕೊಡಲು ನಿಮ್ಮ ಮನೆಗೆ ಬಂದು, ಚಹಾ ಕುಡಿದು, ನಿನ್ನನ್ನು "ಅಮ್ಮಾ, ಆರೋಗ್ಯವೇ?" ಎಂದು ಕೇಳುತ್ತಿದ್ದ ಮಹಾನುಭಾವರು. ಹೆಂಗಸರೆಲ್ಲ ಸೇರಿ ಅವರಿಗೆ ಈ ಹೆಸರಿಟ್ಟಿದ್ದೆವು. "ಅವನು ಕೈ ಹಿಡಿದು ಕಲಿಸೋ ಮನುಷ್ಯ" ಎಂದು ಮಾವ ಎಲ್ಲರೆದುರು ಹೊಗಳುತ್ತಿದ್ದ. ನಿಜವೇ. ಹಿಂದಿನಿಂದ ಸದ್ದಿಲ್ಲದೆ ಬಂದು, "ಹಾಗಲ್ಲ, ಹೀಗೆ" ಎಂದು ನಮ್ಮ ಕೈಮೇಲೆ ಕೈಯಿಡುತ್ತಿದ್ದರು. ಪಾಠ ಅರದ ಹಿಡಿಯಲ್ಲಿ ಶುರುವಾಗಿ ಭುಜಕ್ಕೆ ಏರಿ ಬೆನ್ನಿಗೆ ಇಳಿಯುತ್ತಿತ್ತು. ತಲೆ ಹಣ್ಣಾಗುವವರೆಗೂ ಹಲ್ಲು ಉಜ್ಜಿದ ನಮ್ಮ ಪಾಲಿಶ್ ಅಕ್ಕನಿಗೂ ಅರ ಹಿಡಿಯುವುದನ್ನು ಹೊಸದಾಗಿ ಕಲಿಸಿದರು ಅಂದರೆ ನೋಡು. ಕೈ ಕೊಸರಿಕೊಂಡವಳಿಗೆ ಮಾರನೆಯ ದಿನ ಪ್ಲಾಸ್ಟರ್ ಮೂಟೆ ಹೊರುವ ಕೆಲಸ. ರಜೆ ಕೇಳಿದರೆ ಇಲ್ಲ. ಮಗುವಿಗೆ ಜ್ವರ ಅಂದರೆ "ಸ್ವಲ್ಪ ನಗ್ತಾ ಕೇಳು, ಕೊಡ್ತೀನಿ."

ನಾವು ಸುಮ್ಮನೆ ಕೂರಲಿಲ್ಲ. ಒಂದೊಂದು ಮೇಜಿನ ಮೇಲೂ ಕಬ್ಬಿಣದ ಚೌಕಟ್ಟಿಗೆ ಕೂರಿಸಿದ ಹಳೆಯ ಪ್ಲಾಸ್ಟರ್ ಬಾಯಿ ಒಂದಿರುತ್ತದೆ, ಬಾಗಿಲಿನಂತೆ ತೆರೆದು ಮುಚ್ಚುವಂಥದ್ದು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಹೊಂದುತ್ತದೋ ಇಲ್ಲವೋ ನೋಡುವುದಕ್ಕೆ. ನಾವು ಅದನ್ನು ದವಡೆ ಅನ್ನುತ್ತೇವೆ. ಬಾಗಿಲ ಬಳಿ ಕೂರುವ ಪಾಲಿಶ್ ಅಕ್ಕನಿಗೆ ಕೈಮೇಷ್ಟ್ರ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಅವಳು ತನ್ನ ದವಡೆಯನ್ನು ಕಟಕಟ ಅನ್ನಿಸುತ್ತಿದ್ದಳು. ಪಕ್ಕದವಳು ಕಟಕಟ. ಅವಳ ಪಕ್ಕದವಳು ಕಟಕಟ. ಅವರು ಒಳಗೆ ಕಾಲಿಡುವ ಹೊತ್ತಿಗೆ ಎಲ್ಲರ ಕುರ್ಚಿಯೂ ಗೋಡೆಗೆ ಆತುಕೊಂಡಿರುತ್ತಿತ್ತು. ಹಿಂದೆ ನಿಲ್ಲಲು ಜಾಗವೇ ಇಲ್ಲದ ಮೇಲೆ ಯಾವ ಪಾಠ? ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಯಾರೂ ಯಾರಿಗೂ ಹೇಳಿಕೊಡಲಿಲ್ಲ, ಹೊಸಬಳು ಬಂದರೆ ತಾನಾಗಿ ಕಲಿಯುತ್ತಿದ್ದಳು.

ಗಾಜಿನ ಕೋಣೆಯಲ್ಲಿ ಕೂತ ಮಾವನಿಗೆ ಈ ಕಟಕಟ ಕೇಳಿದರೆ ಸಂಗೀತ ಕೇಳಿದ ಹಾಗೆ. "ನೋಡು, ಸೂಪರ್‌ವೈಸರ್ ಬಂದ ಅಂದ್ರೆ ಕೆಲಸ ಹೇಗೆ ಚುರುಕಾಗುತ್ತೆ!" ಎಂದು ತಲೆದೂಗುತ್ತಿದ್ದ.

ಮೇಣದ ಮೇಜಿಗೆ ಹೊಸದಾಗಿ ಒಬ್ಬಳು ಬಂದಳು. ಅವಳನ್ನು ಮೇಣದ ಹುಡುಗಿ ಅನ್ನುತ್ತೇವೆ. ಸಣ್ಣ ಕೈ, ಮುತ್ತು ಪೋಣಿಸಿದ ಹಾಗೆ ಹಲ್ಲು ಜೋಡಿಸುತ್ತಾಳೆ. ಅಪ್ಪ ಇಲ್ಲ, ಮನೆ ನಡೆಯುವುದು ಅವಳ ಸಂಬಳದಲ್ಲೇ. ಕೈಮೇಷ್ಟ್ರು ಅವಳ ಮೇಜನ್ನೇ ಎತ್ತಿಸಿ ಹಿಂದಿನ ಪ್ಲಾಸ್ಟರ್ ಕೋಣೆಯಲ್ಲಿ ಹಾಕಿಸಿದರು. ಆ ಕೋಣೆಗೆ ನಮ್ಮ ದವಡೆಯ ಸದ್ದು ಕೇಳುವುದಿಲ್ಲ. ಬೀಗದ ಕೈ ಅವರ ಸೊಂಟದಲ್ಲಿ. ಒಂದು ಮಧ್ಯಾಹ್ನ ಅವಳು ಹೊರಗೆ ಓಡಿ ಬಂದಳು. ತೋಳಿನ ಮೇಲೆ ಬಿಳಿ ಪುಡಿಯ ಐದು ಬೆರಳು ಮೂಡಿದ್ದವು. ನಾವೆಲ್ಲ ನೋಡಿದೆವು. ಈ ಜಾಗದಲ್ಲಿ ನನಗೆ ತಮಾಷೆ ಮಾಡಲು ಬರುವುದಿಲ್ಲ ಅಜ್ಜಿ. ಅವಳ ಹಲ್ಲು ನಡುಗುವ ಸದ್ದು ನಮಗೆಲ್ಲ ಕೇಳಿಸುತ್ತಿತ್ತು.

ಅವಳು ನೇರವಾಗಿ ಮಾವನ ಕೋಣೆಗೆ ಹೋಗಿ ಹೇಳಿದಳು. ಮಾವ "ಅದು ನಿಮ್ಮಿಬ್ಬರ ಮಧ್ಯದ ವಿಷಯ, ಅವನನ್ನೇ ಕೇಳು" ಅಂದ. ನಾನು ಸಂಜೆ ನಿಮ್ಮ ಮನೆಗೆ ಬಂದು ಹೇಳಿದೆ. "ಕಾರ್ಖಾನೆ ವಿಷಯ ಊಟದ ಹೊತ್ತಲ್ಲಿ ಬೇಡ" ಅಂದ. ಸರಿ, ಬೆಳಿಗ್ಗೆ ಗಾಜಿನ ಕೋಣೆಗೆ ಹೋಗಿ "ಸರ್" ಎಂದು ಶುರು ಮಾಡಿದೆ. "ಮನೆಯವಳಾಗಿ ನೀನೇ ಹೀಗೆ ಮಾತಾಡಿದ್ರೆ ಹೇಗಮ್ಮ?" ಅಂದ. ಮನೆಯಲ್ಲಿ ನಾನು ಕೆಲಸದವಳು, ಕೆಲಸದಲ್ಲಿ ನಾನು ಮನೆಯವಳು. ಇವೆರಡರ ನಡುವೆ ರಸ್ತೆಯಲ್ಲಿ ಎಲ್ಲಾದರೂ ನಿಲ್ಲಿಸಿ ಹೇಳೋಣವೆಂದರೆ, ಅವನು ಸ್ಕೂಟರಿನಲ್ಲಿ ಹೋಗುತ್ತಾನೆ, ನಾನು ಬಸ್ಸಿನಲ್ಲಿ.

"ದೂರು ಇದ್ರೆ ಸಮಿತಿ ಇದೆಯಲ್ಲ" ಎಂದೂ ಹೇಳಿದ. ಇದೆ. ಗೋಡೆಗೆ ಚೌಕಟ್ಟು ಹಾಕಿಸಿ ತೂಗು ಹಾಕಿದ್ದಾನೆ: ಮಹಿಳಾ ದೂರು ಸಮಿತಿ. ಸದಸ್ಯೆ, ನಮ್ಮ ಅತ್ತೆ. ತಾನು ಸದಸ್ಯೆ ಎಂದು ಅವಳಿಗೆ ಗೊತ್ತಾದದ್ದು ಹೋದ ವಾರ. ಇನ್ನೊಬ್ಬ ಸದಸ್ಯ, ಮಾವ. ಅಧ್ಯಕ್ಷರು, ಸಾಕ್ಷಾತ್ ಕೈಮೇಷ್ಟ್ರು. "ಹೆಂಗಸರ ಕಷ್ಟ ಅವನಿಗೆ ಚೆನ್ನಾಗಿ ಗೊತ್ತು, ದಿನಾ ಅವರ ಜೊತೇಲೇ ಇರ್ತಾನೆ" ಎಂಬುದು ಮಾವನ ವಿವರಣೆ. ಹುಡುಗಿ ಸಮಿತಿಗೆ ದೂರು ಕೊಟ್ಟಳು. ಅಧ್ಯಕ್ಷರು ಓದಿದರು. "ಕೆಲಸದಲ್ಲಿ ಗಮನವಿಲ್ಲ" ಎಂದು ಅವಳನ್ನು ಮನೆಗೆ ಕಳಿಸಿದರು. ಮಾವ ಸಹಿ ಹಾಕಿದ.

ಅವಳು ಅಳುತ್ತಾ ಕೂರಲಿಲ್ಲ. ಕಾರ್ಮಿಕ ಇಲಾಖೆಗೆ ಹೋದಳು. ಅಲ್ಲಿಂದ ವಿಚಾರಣೆಗೆ ಒಬ್ಬರು ಮೇಡಂ ಬಂದರು. ಮೆತ್ತಗಿನ ಮಾತು, ದೊಡ್ಡ ಚೀಲ. ಹೊರಗಿನವರು ಬಂದರೆಂದರೆ ಮಾವನಿಗೆ ಹಬ್ಬ. ವಿಚಾರಣೆಗೆ ಬಂದಿದ್ದಾರೆ ಎಂಬುದನ್ನೇ ಮರೆತು ಕಾರ್ಖಾನೆ ತೋರಿಸಲು ಹೊರಟ. ಅಚ್ಚು ತೋರಿಸಿದ, ಮೇಣ ತೋರಿಸಿದ, "ನಿಮ್ಮ ಎಡಗಡೆ ದವಡೆ ಹಲ್ಲು ಒಂದು ಸಲ ತೋರಿಸ್ಕೊಳ್ಳಿ ಮೇಡಂ" ಎಂದು ಉಚಿತ ಸಲಹೆಯನ್ನೂ ಕೊಟ್ಟ. ಮೇಡಂ ಬಾಯಿ ಮುಚ್ಚಿಕೊಂಡರು. ಮೇಣದ ಹುಡುಗಿ ಅವರ ಹಿಂದೆಯೇ ನಿಂತಿದ್ದಳು.

ಅಷ್ಟರಲ್ಲಿ ಕೈಮೇಷ್ಟ್ರು ಬಾಗಿಲಿಗೆ ಬಂದರು.

ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ, ಸತ್ಯವಾಗಿ ಹೇಳುತ್ತೇನೆ. ಅಭ್ಯಾಸಬಲ. ಪಾಲಿಶ್ ಅಕ್ಕನ ಕೈ ತಾನಾಗಿ ಹೋಯಿತು. ಕಟಕಟ. ಆಮೇಲೆ ಸಾಲಿನುದ್ದಕ್ಕೂ ಕಟಕಟ, ಕಟಕಟ. ಕೋಣೆಯ ತುಂಬ ಪ್ಲಾಸ್ಟರ್ ಬಾಯಿಗಳು ಒಟ್ಟಿಗೆ ಬಡಿದುಕೊಂಡವು. ಕುರ್ಚಿಗಳು ಕರ್ರೋ ಎಂದು ಗೋಡೆಗೆ ಸರಿದವು. ಮೇಡಂ ಬೆಚ್ಚಿ ಚೀಲವನ್ನು ಎದೆಗೆ ಅಪ್ಪಿಕೊಂಡರು. "ಏನಿದು ಶಬ್ದ?"

ಮಾವನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? "ಇದು ನಾನೇ ಮಾಡಿದ ನಿಯಮ ಮೇಡಂ" ಅಂದ. "ಸೂಪರ್‌ವೈಸರ್ ಒಳಗೆ ಬಂದ್ರೆ ಎಲ್ಲರೂ ದವಡೆ ಬಡೀಬೇಕು. ಅವನು ಸೇರಿದಾಗಿನಿಂದ ನಡೀತಿದೆ. ನನ್ನ ಅಪ್ಪಣೆ ಇಲ್ಲದೆ ಇಲ್ಲಿ ಒಂದು ಹಲ್ಲೂ ಅಲ್ಲಾಡಲ್ಲ."

ಮೇಡಂ ಅದನ್ನು ಬರೆದುಕೊಂಡರು. ಆಮೇಲೆ ನಮ್ಮ ಕಡೆ ತಿರುಗಿ, "ನೀವು ಹೇಳಿ, ಯಾಕೆ ಬಡೀತೀರಿ?" ಅಂದರು. ಮಾವ ನನ್ನ ಕಡೆ ನೋಡಿ ಉತ್ಸಾಹದಿಂದ ತಲೆಯಾಡಿಸಿದ. "ಹೇಳಮ್ಮ ಹೇಳು, ಹೆದರಬೇಡ." ಹೇಳು ಅಂದದ್ದು ನಿನ್ನ ಮಗನೇ ಅಜ್ಜಿ. ಅವನ ಕಣ್ಣಲ್ಲಿದ್ದ ಆ ನಂಬಿಕೆ ನೋಡಿ ಸುಳ್ಳು ಹೇಳಿಬಿಡೋಣ ಅನ್ನಿಸಿತು. ಆಗ ಮೇಡಂ ಹಿಂದೆ ನಿಂತ ಮೇಣದ ಹುಡುಗಿ ಕಂಡಳು. ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಅವರು ಬರ್ತಿದ್ದಾರೆ, ಬೆನ್ನು ಗೋಡೆಗೆ ಕೊಡಿ ಅಂತ ಒಬ್ಬರಿಗೊಬ್ಬರು ಹೇಳ್ಕೊಳ್ಳೋಕೆ" ಅಂದೆ.

ಒಬ್ಬಳು ಬಾಯಿ ಬಿಟ್ಟ ಮೇಲೆ ಉಳಿದವರ ಬಾಯಿ ಕಟ್ಟುವವರು ಯಾರು? ಪಾಲಿಶ್ ಅಕ್ಕ ಶುರು ಮಾಡಿದಳು, ಮೇಡಂಗೆ ಬರೆದುಕೊಂಡು ಮುಗಿಯಲಿಲ್ಲ. ಕೈಮೇಷ್ಟ್ರು "ನಾನು ಕೆಲಸ ಕಲಿಸ್ತಿದ್ದೆ" ಎಂದು ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ಬಾಗಿಲ ಕಡೆ ಹೆಜ್ಜೆ ಹಾಕಿದರು.

"ನನಗೆ ಗೊತ್ತೇ ಇರಲಿಲ್ಲ ಮೇಡಂ" ಎಂದ ಮಾವ. "ಈಗ ತಾನೇ ನಿಮ್ಮದೇ ನಿಯಮ ಅಂದ್ರಲ್ಲ?" ಎಂದರು ಮೇಡಂ. ಪಾಪ, ಮಾವ ಅಡಕತ್ತರಿಯಲ್ಲಿ ಸಿಕ್ಕಿಕೊಂಡ. ನಿಯಮ ತನ್ನದು ಅಂದರೆ ಎಲ್ಲ ಗೊತ್ತಿತ್ತು ಅಂತಾಗುತ್ತದೆ. ತನ್ನದಲ್ಲ ಅಂದರೆ ಬಡಾಯಿ ಕೊಚ್ಚಿದೆ ಅಂತಾಗುತ್ತದೆ. ಬಡಾಯಿ ಒಪ್ಪಿಕೊಳ್ಳುವುದೇ ಅವನಿಗೆ ಹೆಚ್ಚು ಕಷ್ಟವಾಯಿತು, ಅವನ ಮುಖ ನೋಡಿದ ನಾನು ಹೇಳುತ್ತೇನೆ. ಕೊನೆಗೆ, "ನಾನು ಯಾರ ಕೈಯನ್ನೂ ಮುಟ್ಟಿಲ್ಲ. ಮಾಡಿದವನು ಅವನು. ನಾನು ಯಾಕೆ ಉತ್ತರ ಕೊಡಬೇಕು?" ಎಂದು ಬೆವರು ಒರೆಸಿಕೊಂಡ.

ಮೇಡಂ ಸಿಟ್ಟಾಗಲಿಲ್ಲ. "ಇವರಿಗೆ ರಜೆ ಕೊಡೋ, ಕೊಡದೇ ಇರೋ ಅಧಿಕಾರ ಕೊಟ್ಟೋರು ಯಾರು? ಆ ಕೋಣೆ ಬೀಗದ ಕೈ ಕೊಟ್ಟೋರು? ಕೆಲಸದಿಂದ ತೆಗೆಯೋ ಕಾಗದಕ್ಕೆ ಸಹಿ ಹಾಕಿದ್ದು? ಅವರು ಹೆದರಿಸಿದ್ದು ತಮ್ಮ ಬಲದಿಂದಲ್ಲ, ನೀವು ಕೊಟ್ಟ ಬಲದಿಂದ. ಅದಕ್ಕೇ ಕಾನೂನು ನಿಮ್ಮನ್ನೂ ಕೇಳುತ್ತೆ. ಈ ಹುಡುಗಿ ಬಂದು ಹೇಳಿದ ಮೇಲೂ ನೀವು ಏನೂ ಮಾಡಲಿಲ್ಲ. ಹೇಳಿಕೊಳ್ಳೋಕೆ ಇಟ್ಟ ಸಮಿತಿಗೆ ಅವರನ್ನೇ ಅಧ್ಯಕ್ಷರು ಮಾಡಿದ್ರಿ. ಗೊತ್ತಿರಲಿಲ್ಲ ಅನ್ನೋದಕ್ಕೆ ಜಾಗ ಎಲ್ಲಿದೆ?"

ಆಗ ಮೇಣದ ಹುಡುಗಿ ಮೊದಲ ಸಲ ಮಾತಾಡಿದಳು. "ಸರ್, ಒಬ್ಬರು ತಾತನಿಗೆ ಹಲ್ಲು ದೊಡ್ಡದಾಗಿ, ಮಾತಾಡಿದ್ರೆ ಸಿಳ್ಳೆ ಬರ್ತಿತ್ತಲ್ಲ, ಆಗ ನೀವೇ ಅವರ ಮನೆಗೆ ಹೋಗಿ ಕೈ ಮುಗಿದ್ರಿ. ಹಲ್ಲು ಕೂರಿಸಿದ್ದು ನಾನು. 'ಯಾರ ಕೈ ತಪ್ಪಿದ್ರೂ ಹಲ್ಲು ನಮ್ಮ ಕಾರ್ಖಾನೇದು, ನಾನೇ ಹೋಗ್ಬೇಕು' ಅಂದ್ರಿ. ನನ್ನ ವಿಷಯಕ್ಕೆ ಮಾತ್ರ ಯಾಕೆ ಸರ್ 'ಅವನನ್ನೇ ಕೇಳು' ಅಂದ್ರಿ?"

ಮಾವ ಹತ್ತಿರದ ಮೇಜಿನ ದವಡೆಯೊಂದನ್ನು ಎತ್ತಿ, ತೆರೆದು, ಮೆಲ್ಲಗೆ ಮುಚ್ಚಿಟ್ಟ.

ಮುಂದಿನದು ನಿನಗೆ ಗೊತ್ತು. ಕೈಮೇಷ್ಟ್ರು ಮನೆಗೆ ಹೋದರು, ಅವರ ಮೇಲೆ ಬೇರೆ ಮೊಕದ್ದಮೆ ನಡೆಯುತ್ತಿದೆ. ಮೇಣದ ಹುಡುಗಿ ತನ್ನ ಜಾಗಕ್ಕೆ ವಾಪಸು ಬಂದಳು, ಕಿಟಕಿಯ ಪಕ್ಕ. ತಪ್ಪಿದ ಸಂಬಳ, ಅದರ ಮೇಲೆ ಪರಿಹಾರ, ಎಲ್ಲ ಮಾವನೇ ಕೊಡಬೇಕೆಂದು ಆದೇಶವಾಯಿತು. ಹೊಸ ಸಮಿತಿಗೆ ಪಾಲಿಶ್ ಅಕ್ಕ ಅಧ್ಯಕ್ಷೆ, ಹೊರಗಿನವರೊಬ್ಬರು ಸದಸ್ಯೆ. ಎಲ್ಲರ ಮುಂದೆ ಕ್ಷಮೆ ಕೇಳಬೇಕೆಂದಾಗ ಮಾವ ಮೈಕು ತರಿಸಲೇ ಎಂದು ಕೇಳಿದ. ಎರಡು ಮಾತು ಸಾಕು ಅಂದರು ಮೇಡಂ. ಎರಡೇ ಮಾತು ಹೇಳಿ ಕೈ ಮುಗಿದ. ಆ ಹೊತ್ತು ನನಗೆ ಅವನ ಮೇಲೆ ಪ್ರೀತಿ ಉಕ್ಕಿತು. ಆದರೆ ಹೊರಗೆ ಬಂದ ಕೂಡಲೇ ನನ್ನನ್ನು ನೋಡದೆ ಸ್ಕೂಟರ್ ಹತ್ತಿ ನಿನ್ನ ಹತ್ತಿರ ಬಂದ. ನೀನು ಹಲ್ಲು ಬಿಚ್ಚಿಟ್ಟೆ.

ಈಗ ನಿನ್ನ ಸರದಿ ಅಜ್ಜಿ.

ನೀನು ನೂಲಿನ ಗಿರಣಿಯಲ್ಲಿ ದುಡಿದು ಇಬ್ಬರು ಮಕ್ಕಳನ್ನು ಸಾಕಿದವಳು. ಗಿರಣಿ ಬಿಟ್ಟು ಯಾವ ಕಾಲವಾಯಿತೋ, ನಿನ್ನ ಕೆಮ್ಮು ಮಾತ್ರ ಬಿಡಲಿಲ್ಲ. ಯಾವ ಡಾಕ್ಟರೂ ಅದಕ್ಕೊಂದು ಹೆಸರು ಹೇಳಲಿಲ್ಲ. ನಾನು ಚಿಕ್ಕವಳಿದ್ದಾಗ ನಿನ್ನ ಗಿರಣಿಯ ಗೆಳತಿ ಒಬ್ಬಳು ಮನೆಗೆ ಬಂದಿದ್ದಳು. ಜಗುಲಿಯಲ್ಲಿ ಕೂತು ಮಾತಾಡುತ್ತಿದ್ದಿರಿ. ಬೀದಿಯಲ್ಲಿ ಒಬ್ಬ ಮುದುಕ ಕೋಲೂರಿಕೊಂಡು ಹೋದ. ನೀವಿಬ್ಬರೂ ಒಟ್ಟಿಗೇ ಕೆಮ್ಮಿದಿರಿ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. "ಯಾಕಜ್ಜಿ?" ಎಂದು ನಾನು ಕೇಳಿದೆ. "ಗಿರಣಿ ಧೂಳು ಕಣೇ, ಇನ್ನೂ ಗಂಟಲಲ್ಲೇ ಕೂತಿದೆ" ಅಂದೆ. ಆ ಮುದುಕ ನಿಮ್ಮ ಗಿರಣಿಯ ಮೇಸ್ತ್ರಿಯಾಗಿದ್ದವನು ಎಂದು ಆಮೇಲೆ ಅಮ್ಮ ಹೇಳಿದಳು.

ಆ ದಿನ ಕೋಣೆಯ ತುಂಬ ದವಡೆಗಳು ಕಟಕಟ ಅಂದಾಗ ನನಗೆ ಕೇಳಿಸಿದ್ದು ನಿನ್ನ ಕೆಮ್ಮು. ಸಾಲು ಸಾಲು ಯಂತ್ರಗಳ ನಡುವೆ ನಿಂತು, ಮೇಸ್ತ್ರಿ ಬಂದನೆಂದು ಮುಂದಿನವಳಿಗೆ ಸುದ್ದಿ ಮುಟ್ಟಿಸಲು ಕೆಮ್ಮುತ್ತಿದ್ದ ನೀವೆಲ್ಲ ಕಂಡಿರಿ. ಕೈಮೇಷ್ಟ್ರು ಸಂಜೆ ನಿಮ್ಮ ಮನೆಗೆ ಬಂದಾಗಲೆಲ್ಲ ನೀನು ಕೆಮ್ಮುತ್ತಿದ್ದೆ. ಹಾಲಿನವಳು ಬಂದಾಗ ಇಲ್ಲದ ಕೆಮ್ಮು, ನೆಂಟರು ಬಂದಾಗ ಇಲ್ಲದ ಕೆಮ್ಮು. ಅವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಶುರು, ಎದ್ದು ಹೋಗುವವರೆಗೂ ಇತ್ತು. ಮಾವ ಓಡಿ ಹೋಗಿ ಬಾಟಲಿ ಬಾಟಲಿ ಔಷಧಿ ತಂದ. ಯಾರೂ ಹೇಳುವ ಮೊದಲೇ ಆ ಮನುಷ್ಯ ಎಂಥವನೆಂದು ನಿನಗೆ ಗೊತ್ತಾಗಿತ್ತು. ಗಂಟಲು ಹರಿಯುವಂತೆ ಅದನ್ನೇ ಹೇಳುತ್ತಿದ್ದೆ. ನಿನ್ನ ಮಗ ನಿನಗೆ ಚಮಚದಲ್ಲಿ ಔಷಧಿ ಕುಡಿಸಿದ.

ನಿಮ್ಮ ಗಿರಣಿಯ ಯಜಮಾನನನ್ನು ಯಾರೂ ಏನೂ ಕೇಳಲಿಲ್ಲ. ಅವನಿಗೂ ನಿಮ್ಮ ಕೆಮ್ಮು ಕೇಳಿಸಿರುತ್ತದೆ, ಧೂಳು ಅಂದುಕೊಂಡಿರುತ್ತಾನೆ. ನಾನು ಮಾವನನ್ನು ಕೇಳಿದೆ. ಅವನು ನಿನ್ನ ಮಗನಾದ್ದರಿಂದಲೇ ಕೇಳಿದೆ. ತಪ್ಪಾಯ್ತು ಅನ್ನುವುದಿಲ್ಲ ಅಜ್ಜಿ. ನಿನ್ನ ಕಾಲು ಎಷ್ಟು ಸಲ ಬೇಕಾದರೂ ಹಿಡಿಯುತ್ತೇನೆ, ಈ ಮಾತು ಮಾತ್ರ ನನ್ನ ಬಾಯಿಂದ ಬರುವುದಿಲ್ಲ.

ಅತ್ತೆ ಫೋನ್ ಇಡುವಾಗ ಇನ್ನೊಂದು ಸುದ್ದಿ ಹೇಳಿದಳು. ಕೈಮೇಷ್ಟ್ರು ಮನೆಗೆ ಬರುವುದು ನಿಂತಾಗಿನಿಂದ ನೀನು ಒಮ್ಮೆಯೂ ಕೆಮ್ಮಿಲ್ಲವಂತೆ. ಮಾವ ಬಂದವರಿಗೆಲ್ಲ ಬಾಟಲಿ ತೋರಿಸಿ ಹೇಳುತ್ತಿದ್ದಾನಂತೆ: "ಇಷ್ಟು ವರ್ಷ ಯಾವ ಡಾಕ್ಟರ ಕೈಲೂ ಆಗಲಿಲ್ಲ. ನಾನು ತಂದ ಔಷಧಿಗೆ ನೋಡಿ, ಅಮ್ಮನ ಕೆಮ್ಮು ಹೇಗೆ ಮಾಯವಾಯ್ತು!"

ಅಜ್ಜಿ, ಲೋಟದಿಂದ ಹಲ್ಲು ತೆಗೆದು ತೊಳೆದು ಹಾಕಿಕೋ. ಹುರಿದ ಕಡಲೆಬೀಜ ಎದುರಿಗಿಟ್ಟುಕೊಂಡು ನಿನ್ನ ಮಗನನ್ನು ಪಕ್ಕದಲ್ಲಿ ಕೂರಿಸಿಕೋ. ನಿನ್ನ ಕೆಮ್ಮು ಯಾವುದರಿಂದ ಬಂತು, ಯಾವುದರಿಂದ ಹೋಯಿತು, ಒಂದೊಂದು ಅಕ್ಷರವೂ ಸ್ಪಷ್ಟವಾಗುವಂತೆ ಹೇಳು. ನಾನು ಹೇಳಿದರೆ ಅವನಿಗೆ ಅದು ಸಾಕ್ಷಿ. ನೀನು ಹೇಳಿದರೆ ಅಮ್ಮನ ಮಾತು. ಅದಾದ ಮೇಲೂ ನನ್ನನ್ನು ಬಯ್ಯಬೇಕು ಅನ್ನಿಸಿದರೆ ಫೋನ್ ಮಾಡು. ಹಲ್ಲಿರುವ ಬಾಯಿಂದ ಬಯ್ದರೆ ಅದನ್ನೇ ಆಶೀರ್ವಾದ ಅಂದುಕೊಂಡು ತಲೆ ಬಾಗಿಸುತ್ತೇನೆ.

ನಿನ್ನ ಗಂಟಲು ಇನ್ನೆಂದೂ ಕೆಮ್ಮದಿರಲಿ ಎಂದು ಬೇಡಿಕೊಳ್ಳುವ,

ನಿನ್ನ ಹಲ್ಲು ಉಜ್ಜಿದ ಮೊಮ್ಮಗಳು